ಸಕ್ಕರೆ ಕಾಯಿಲೆ ಇರುವ ಮನೆಗೆ ಊರಿನ ಹಣ್ಣು, ಕಡಲೆಕಾಯಿ ಸಾಕೇ? ಬಾದಾಮಿ, ಕಿವಿ ಹಣ್ಣು ಬೇಕೇ ಬೇಕೇ?

ಪ್ರಶ್ನೆ: ಕ್ಯಾತ್ಸಂದ್ರದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಕ್ಯಾತ್ಸಂದ್ರದಲ್ಲಿರುವ ನಮ್ಮ ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು ಮತ್ತು ಇಬ್ಬರು ಮಕ್ಕಳು ಇದ್ದೇವೆ. ಮಾವನವರಿಗೆ ಎಪ್ಪತ್ತು ದಾಟಿದೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ರಕ್ತದೊತ್ತಡಕ್ಕೂ ಕೊಲೆಸ್ಟರಾಲ್‌ಗೂ ಮಾತ್ರೆ ತೆಗೆದುಕೊಳ್ಳುತ್ತಾರೆ. ನನಗೆ ರಕ್ತಹೀನತೆ ಇದೆ ಎಂದು ಇತ್ತೀಚಿನ ಪರೀಕ್ಷೆಯಲ್ಲಿ ತಿಳಿದಿದೆ. ಮಗಳು ಹೈಸ್ಕೂಲಿನಲ್ಲಿದ್ದಾಳೆ, ಮಗನಿಗೆ ಮೂರು ವರ್ಷ.

ಬೆಂಗಳೂರಿನಲ್ಲಿರುವ ನಾದಿನಿ ಪ್ರತಿ ಸಲ ಬರುವಾಗಲೂ ಬಾದಾಮಿ, ಅಕ್ರೋಟು, ಕಿವಿ ಹಣ್ಣು, ಹೊರದೇಶದ ಸೇಬು ತಂದು, ತಂದೆಯವರಿಗೆ ಮಾವು, ಹಲಸು ಕೊಡಲೇಬಾರದು, ಇವನ್ನೇ ಕೊಡಬೇಕು ಎಂದು ಹೇಳಿ ಹೋಗುತ್ತಾರೆ. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ತಂದದ್ದು ಮುಗಿದ ಮೇಲೆ ಅದೇ ಪದಾರ್ಥಗಳನ್ನು ತಿಂಗಳು ತಿಂಗಳೂ ಕೊಳ್ಳುವುದು ಒಂದೇ ಸಂಬಳದ ಮನೆಗೆ ಹೊರೆಯಾಗುತ್ತದೆ. ಅತ್ತೆಯವರದು ಇನ್ನೊಂದು ತುದಿ. ಆಯಾ ಕಾಲಕ್ಕೆ ಬಿಟ್ಟ ಹಣ್ಣನ್ನು ಎಷ್ಟು ತಿಂದರೂ ದೋಷವಿಲ್ಲ, ನೇರಳೆ ಬೀಜದ ಪುಡಿ ಕೊಟ್ಟರೆ ಮಾತ್ರೆಯೇ ಬೇಕಾಗಿಲ್ಲ ಎಂದು ಅವರು ವಾದಿಸುತ್ತಾರೆ. ಈಗ ಮಾವು ಮುಗಿಯುತ್ತ ಬಂದಿದೆ, ನೇರಳೆ ಹಣ್ಣಿನ ಗಾಡಿಗಳು ಕಾಣಿಸಿಕೊಂಡಿವೆ, ಹೆದ್ದಾರಿಯ ಬದಿಯಲ್ಲಿ ಹಲಸು ರಾಶಿ ಬಿದ್ದಿದೆ. ಮನೆಯಲ್ಲಿ ದಿನಕ್ಕೊಂದು ವಾದ.

ನಾನು ತಿಳಿಯಬಯಸುವುದು ಇಷ್ಟು: ಋತುಮಾನದ ಹಣ್ಣುಗಳಿಂದ ಆರೋಗ್ಯಕ್ಕೆ ನಿಜವಾಗಿಯೂ ವಿಶೇಷ ಲಾಭವಿದೆಯೇ? ಸಕ್ಕರೆ ಕಾಯಿಲೆಯವರು ಮಾವು, ಹಲಸು ತಿನ್ನಬಹುದೇ? ಬಾದಾಮಿಯ ಜಾಗದಲ್ಲಿ ನಮ್ಮ ಕಡಲೆಕಾಯಿ ಬೀಜವನ್ನು ಇಟ್ಟುಕೊಂಡರೆ ಏನಾದರೂ ಕೊರತೆಯಾಗುತ್ತದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಶ್ರೀನಿವಾಸಪುರದ ತೋಟಗಾರ

ಅಮ್ಮಾ, ಕಾಯಿಲೆಯ ವಿಷಯವನ್ನು ವೈದ್ಯಕೀಯ ಬಲ್ಲವರು ಹೇಳಲಿ. ಹಣ್ಣು ಮನೆಗೆ ಬರುವ ಮೊದಲು ಅದಕ್ಕೆ ಏನಾಗಿರುತ್ತದೆ ಎಂಬುದನ್ನು ನಾನು ಹೇಳಬಲ್ಲೆ, ಏಕೆಂದರೆ ಋತುಮಾನದ ಮಾತಿನಲ್ಲಿ ಅರ್ಧ ಹುರುಳು ಅಲ್ಲೇ ಇದೆ.

ಕೋಲಾರದ ಮಾವು ಕರಾವಳಿಯ ಮಾವಿಗಿಂತ ತಡವಾಗಿ ಬರುತ್ತದೆ. ನಮ್ಮಲ್ಲಿ ಬಾದಾಮಿ, ರಸಪುರಿ, ಬೇನಿಷಾ ತಳಿಗಳು ಮೇ ತಿಂಗಳ ಮಧ್ಯದ ಹೊತ್ತಿಗೆ ಕೊಯ್ಲಿಗೆ ಬಂದರೆ, ಮಲ್ಲಿಕಾ, ತೋತಾಪುರಿ, ನೀಲಂ ತಳಿಗಳು ಜೂನ್ ಮತ್ತು ಜುಲೈವರೆಗೂ ಮಂಡಿಗೆ ಬರುತ್ತಲೇ ಇರುತ್ತವೆ. ಹೀಗಿರುವಾಗ ಯುಗಾದಿ ಮುಗಿಯುತ್ತಿದ್ದಂತೆಯೇ ಊರಿನ ಬಾದಾಮಿ ಮಾವು ಎಂದು ಹಳದಿ ಹಣ್ಣನ್ನು ಯಾರಾದರೂ ಮಾರುತ್ತಿದ್ದರೆ, ಅದು ಬೇರೆ ಸೀಮೆಯಿಂದ ಬಂದಿರಬೇಕು, ಇಲ್ಲವೇ ಬಲಿಯುವ ಮೊದಲೇ ಕಿತ್ತ ಕಾಯಿಯನ್ನು ಬಣ್ಣ ಬರಿಸಿ ಇಟ್ಟಿರಬೇಕು. ಮಾವು ಕಿತ್ತ ಮೇಲೂ ಹಣ್ಣಾಗುವ ಜಾತಿಯದೇ. ಆದರೆ ಬಲಿತ ಕಾಯಿಯಲ್ಲಿ ಶೇಖರವಾದ ಪಿಷ್ಟವೇ ಆಮೇಲೆ ಸಕ್ಕರೆಯಾಗುವುದು. ಎಳೆಯದರಲ್ಲಿ ಆ ಶೇಖರಣೆಯೇ ಆಗಿರುವುದಿಲ್ಲವಾದ್ದರಿಂದ, ಸಿಪ್ಪೆ ಎಷ್ಟೇ ಹೊಳೆದರೂ ಓಟೆಯ ಸುತ್ತ ಬಿಳಿಚಿಕೊಂಡು ಹುಳಿಯಾಗಿಯೇ ಉಳಿಯುತ್ತದೆ, ಪರಿಮಳವಂತೂ ಇರುವುದೇ ಇಲ್ಲ.

ಅವಸರಕ್ಕೆ ಬಿದ್ದವರು ಬಳಸುವುದು ಕ್ಯಾಲ್ಸಿಯಂ ಕಾರ್ಬೈಡ್. ತೇವ ತಗುಲಿದರೆ ಅದರಿಂದ ಅಸಿಟಿಲೀನ್ ಅನಿಲ ಹೊರಬಂದು ಕಾಯಿಗೆ ಬಣ್ಣ ಬರಿಸುತ್ತದೆ. ಕಾರ್ಖಾನೆಯ ಬಳಕೆಗೆ ತಯಾರಾದ ಆ ಪದಾರ್ಥದಲ್ಲಿ ಆರ್ಸೆನಿಕ್ ಮತ್ತು ರಂಜಕದ ಸಂಯುಕ್ತಗಳ ಅಂಶವಿರುವುದರಿಂದ, ಹಣ್ಣಿಗೆ ಅದನ್ನು ಬಳಸುವುದನ್ನು ಆಹಾರ ಸುರಕ್ಷತೆಯ 2011ರ ನಿಯಮಗಳು ನಿಷೇಧಿಸಿವೆ. ಎಥಿಲೀನ್ ಅನಿಲದ ಕೋಣೆಯಲ್ಲಿ, ಹತ್ತು ಲಕ್ಷ ಭಾಗಕ್ಕೆ 100 ಭಾಗದ ಮಿತಿಯೊಳಗೆ, ಹಣ್ಣು ಮಾಡುವುದಕ್ಕೆ ಅನುಮತಿಯಿದೆ. ಎಥಿಲೀನ್ ಹಣ್ಣೇ ತನ್ನೊಳಗೆ ಉತ್ಪಾದಿಸುವ ಅನಿಲ, ಆದ್ದರಿಂದ ಅದಕ್ಕೆ ಹೆದರಬೇಕಾಗಿಲ್ಲ. ಸಾಧ್ಯವಿದ್ದರೆ ಬಲಿತ ಕಾಯಿಯನ್ನೇ ಕೊಂಡು ಹುಲ್ಲಿನಲ್ಲಿ ಮುಚ್ಚಿಡಿ. ವಾರದ ಆಸುಪಾಸಿನಲ್ಲಿ ತಾನಾಗಿ ಹಣ್ಣಾಗುತ್ತದೆ. ದ್ರಾಕ್ಷಿ, ದಾಳಿಂಬೆ, ಕಿತ್ತಳೆ ಹೀಗೆ ಕಿತ್ತ ಮೇಲೆ ಹಣ್ಣಾಗುವ ಗುಂಪಿಗೆ ಸೇರಿದವಲ್ಲ. ಗಿಡದಲ್ಲಿ ಎಷ್ಟು ಹಣ್ಣಾಗಿರುತ್ತವೆಯೋ ಅಷ್ಟೇ.

ಇನ್ನೊಂದು ಮಾತು. ಮಾವಿನ ತೊಟ್ಟಿನ ಸೊನೆ ಕೆಲವರ ತುಟಿಯ ಅಂಚಿನಲ್ಲಿ ಗುಳ್ಳೆ ಎಬ್ಬಿಸುತ್ತದೆ, ಚಿಕ್ಕ ಮಕ್ಕಳಿಗಂತೂ ಬೇಗ ತಗುಲುತ್ತದೆ. ತೊಟ್ಟನ್ನು ಮುರಿದು, ಹಣ್ಣನ್ನು ಸ್ವಲ್ಪ ಹೊತ್ತು ನೀರಿನಲ್ಲಿಟ್ಟು, ಚೆನ್ನಾಗಿ ತೊಳೆದು ಕೊಡಿ. ಹಿರಿಯರು ಮಾವನ್ನು ನೀರಿನಲ್ಲಿ ಹಾಕಿಡುತ್ತಿದ್ದುದಕ್ಕೆ ಉಷ್ಣ ಎಂಬ ಕಾರಣ ಹೇಳುತ್ತಿದ್ದರು. ಸೊನೆ ಹೋಗುವುದೇ ಅದರ ದೊಡ್ಡ ಲಾಭ ಎಂದು ನನ್ನ ಅಭಿಪ್ರಾಯ.

ಉತ್ತರ: ಚಿಂತಾಮಣಿಯ ರಸಾಯನಶಾಸ್ತ್ರ ಅಧ್ಯಾಪಕ

ತೋಟಗಾರರ ಮಾತನ್ನು ಒಪ್ಪುತ್ತೇನೆ. ಆದರೂ ಋತುಮಾನ ಎಂಬುದಕ್ಕೆ ಔಷಧದ ಶಕ್ತಿಯನ್ನು ಆರೋಪಿಸುವ ಈಗಿನ ವಾಡಿಕೆಯ ಬಗ್ಗೆ ನನಗೆ ತಕರಾರಿದೆ. ಕೊಯ್ದ ಹಣ್ಣನ್ನು ಬಹಳ ದಿನ ಇಟ್ಟಾಗ ಮುಖ್ಯವಾಗಿ ಕಡಿಮೆಯಾಗುವುದು ಸಿ ಜೀವಸತ್ವದಂತಹ ಸೂಕ್ಷ್ಮ ಅಂಶಗಳು. ನಾರು, ಪೊಟ್ಯಾಸಿಯಂ ಮತ್ತು ಇತರ ಖನಿಜಗಳು ಎಲ್ಲಿಗೂ ಹೋಗುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹಿಮಾಚಲ, ಕಾಶ್ಮೀರಗಳಲ್ಲಿ ಕೊಯ್ದ ಸೇಬನ್ನು ಆಮ್ಲಜನಕ ಕಡಿಮೆ ಮಾಡಿದ ತಣ್ಣನೆಯ ಕೋಣೆಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ; ಬೇಸಿಗೆಯಲ್ಲಿ ನಾವು ತಿನ್ನುವ ನಮ್ಮ ದೇಶದ ಸೇಬು ಹಾಗೆ ಬಂದದ್ದೇ. ಅದನ್ನು ತಿಂದರೆ ಹಾನಿಯಿಲ್ಲ, ನಾರು ಸಿಗುತ್ತದೆ. ಆದರೆ ಸೇಬಿನಲ್ಲಿ ಮೊದಲಿನಿಂದಲೂ ಸಿ ಜೀವಸತ್ವ ಅತ್ಯಲ್ಪ, 100 ಗ್ರಾಂಗೆ 5 ಮಿಲಿಗ್ರಾಂ ಆಸುಪಾಸು. ನಿಮ್ಮ ನಾದಿನಿ ತರುವ ಕಿವಿ ಹಣ್ಣಿನಲ್ಲಿ ಅದು 90 ಮಿಲಿಗ್ರಾಂ ಸುಮಾರಿಗೆ ಇದೆ, ಒಳ್ಳೆಯ ಪ್ರಮಾಣವೇ. ಬಸ್ ನಿಲ್ದಾಣದ ಬಳಿ ಉಪ್ಪು ಖಾರ ಸವರಿ ಮಾರುವ ಸೀಬೆ ಹಣ್ಣಿನಲ್ಲಿ ಅದು 200 ಮಿಲಿಗ್ರಾಂ ಮೀರುತ್ತದೆ. ನೆಲ್ಲಿಕಾಯಿಯದು ಅದಕ್ಕೂ ಹೆಚ್ಚು.

ಹಾಗಾಗಿ ಊರಿನ ಹಣ್ಣು ಗೆಲ್ಲುವುದು ಕಾಲದ ಮಹಿಮೆಯಿಂದ ಎನ್ನುವುದಕ್ಕಿಂತ ಆ ಹಣ್ಣಿನ ಗುಣದಿಂದ ಮತ್ತು ಬೆಲೆಯಿಂದ ಎನ್ನುವುದು ಹೆಚ್ಚು ಸರಿ. ಸುಗ್ಗಿಯಲ್ಲಿ ಅಗ್ಗವಾಗುವುದರಿಂದ ಮನೆಮಂದಿಯೆಲ್ಲ ತಿನ್ನುತ್ತಾರೆ. ಬೇಸಿಗೆಗೆ ಮಾವು, ಮುಂಗಾರಿಗೆ ನೇರಳೆ, ಶ್ರಾವಣ ಕಳೆದ ಮೇಲೆ ಸೀತಾಫಲ, ಚಳಿಗೆ ನೆಲ್ಲಿ ಮತ್ತು ಎಲಚಿ ಎಂದು ವರ್ಷವಿಡೀ ಹಣ್ಣು ಬದಲಾಗುವುದರಿಂದ ಬಗೆಬಗೆಯ ಪೋಷಕಾಂಶ ತಾನಾಗಿ ದೊರೆಯುತ್ತದೆ. ವರ್ಷವೆಲ್ಲ ಸಿಗುವ ಬಾಳೆ, ಪರಂಗಿಗಳನ್ನು ಋತುಮಾನದ್ದಲ್ಲ ಎಂದು ಕೀಳಾಗಿ ಕಾಣಬೇಡಿ.

ನಮ್ಮ ಕಡೆಯ ದ್ರಾಕ್ಷಿಯ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಭೌಗೋಳಿಕ ಗುರುತು ಪಡೆದಿರುವ ಬೆಂಗಳೂರು ನೀಲಿ ದ್ರಾಕ್ಷಿ ಹೆಚ್ಚಾಗಿ ಬೆಳೆಯುವುದು ನಂದಿ ಬೆಟ್ಟದ ಸುತ್ತಲಿನ ಚಿಕ್ಕಬಳ್ಳಾಪುರ, ಕೋಲಾರ ಸೀಮೆಯಲ್ಲಿ. ಬೀಜ ಇದೆ, ಸಿಪ್ಪೆ ದಪ್ಪ ಎಂದು ಪೇಟೆಯವರು ಅದನ್ನು ಬಿಟ್ಟು ಬೀಜವಿಲ್ಲದ ಹಸಿರು ದ್ರಾಕ್ಷಿಗೆ ಕೈ ಹಾಕುತ್ತಾರೆ. ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್‌ಗಳು ಇರುವುದು ಆ ದಪ್ಪ ಸಿಪ್ಪೆಯಲ್ಲೇ. ದ್ರಾಕ್ಷಿಗೆ ರೋಗ ಹೆಚ್ಚು, ಸಿಂಪಡಣೆಯೂ ಹೆಚ್ಚು. ಗೊಂಚಲನ್ನು ಬಿಡಿಸಿ, ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯುವುದನ್ನು ಬಿಡಬೇಡಿ.

ಉತ್ತರ: ಆಹಾರತಜ್ಞೆ, ಚಿಕ್ಕಬಳ್ಳಾಪುರ

ಮೇಡಂ, ನಿಮ್ಮ ಮನೆಯ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರಗಳಿವೆ. ಎಲ್ಲರಿಗೂ ಒಂದೇ ತಟ್ಟೆ ಎಂದು ಹೊರಟಿರುವುದರಿಂದಲೇ ಅತ್ತೆಯವರಿಗೂ ನಾದಿನಿಯವರಿಗೂ ತಾಳೆಯಾಗುತ್ತಿಲ್ಲ.

ಮೊದಲು ಪ್ರಮಾಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2,000 ಕಿಲೋಕ್ಯಾಲರಿಯ ಊಟದಲ್ಲಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 35 ಗ್ರಾಂ ಬೀಜಗಳು ಇರಬೇಕು. ಹಣ್ಣಿಗಿಂತ ತರಕಾರಿ ನಾಲ್ಕು ಪಟ್ಟು ಎಂಬುದನ್ನು ಗಮನಿಸಿ. ಹಣ್ಣಿನ ಬಗ್ಗೆ ಇಷ್ಟು ಚರ್ಚಿಸುವ ಎಷ್ಟೋ ಮನೆಗಳಲ್ಲಿ ಸೊಪ್ಪಿನ ಸಾರು ವಾರಕ್ಕೊಮ್ಮೆ ಆಗುವುದೂ ಕಷ್ಟ, ಅದು ನನಗೆ ಹೆಚ್ಚು ಚಿಂತೆಯ ವಿಷಯ.

ಈಗ ನಿಮ್ಮ ಮಾವನವರು. ಮಾವಿನಲ್ಲಿ 100 ಗ್ರಾಂ ತಿರುಳಿಗೆ ಸುಮಾರು 14 ಗ್ರಾಂ ಸಕ್ಕರೆ, ಹಲಸಿನ ತೊಳೆಯಲ್ಲಿ ಅದಕ್ಕಿಂತ ಹೆಚ್ಚು, 19 ಗ್ರಾಂ ಹತ್ತಿರ ಇರುತ್ತದೆ. ವಿಷ ಎನ್ನುವಂಥದ್ದೇನೂ ಅಲ್ಲ. ಎಷ್ಟು ತಿಂದರೂ ಆಗುತ್ತದೆ ಎನ್ನುವಂಥದ್ದೂ ಅಲ್ಲ. ಅವರ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ವೈದ್ಯರು ಹೇಳಿದ ಮಿತಿಯಲ್ಲಿದ್ದರೆ, ಮಧ್ಯಮ ಗಾತ್ರದ ಮಾವಿನ ಅರ್ಧ ಭಾಗವನ್ನೋ ಮೂರು ನಾಲ್ಕು ತೊಳೆ ಹಲಸನ್ನೋ ಕೊಡಬಹುದು. ಆದರೆ ಅದನ್ನು ಊಟದ ಮೇಲೆ ಹೆಚ್ಚುವರಿಯಾಗಿ ಕೊಡದೆ, ಅಂದಿನ ಅನ್ನವನ್ನೋ ಮುದ್ದೆಯನ್ನೋ ಅಷ್ಟರ ಮಟ್ಟಿಗೆ ತಗ್ಗಿಸಿ ಕೊಡಬೇಕು. ಬೆಳಗಿನ ಅಥವಾ ಸಂಜೆಯ ಹೊತ್ತಿಗೆ, ಒಂದು ಹಿಡಿ ಕಡಲೆಕಾಯಿ ಬೀಜದ ಜೊತೆ ಕೊಟ್ಟರೆ ಸಕ್ಕರೆ ಏರುವ ವೇಗ ಇನ್ನಷ್ಟು ತಗ್ಗುತ್ತದೆ. ಮನೆಯಲ್ಲಿ ಸಕ್ಕರೆ ನೋಡುವ ಯಂತ್ರವಿದ್ದರೆ ತಿಂದ ಎರಡು ಗಂಟೆಯ ಮೇಲೆ ಒಮ್ಮೆ ಪರೀಕ್ಷಿಸಿ. ಅದೇ ಅರ್ಧ ಮಾವಿಗೆ ಇಬ್ಬರ ದೇಹ ಒಂದೇ ರೀತಿ ಸ್ಪಂದಿಸುವುದಿಲ್ಲ, ಆದ್ದರಿಂದ ಪಕ್ಕದ ಮನೆಯವರ ಅನುಭವಕ್ಕಿಂತ ಆ ಯಂತ್ರದ ಅಂಕಿ ಮೇಲು.

ರಸ ಹಿಂಡಿ ಕೊಡುವುದನ್ನು ಮಾತ್ರ ನಿಲ್ಲಿಸಿ. ಅಮೆರಿಕದಲ್ಲಿ ಸಾವಿರಾರು ಆರೋಗ್ಯ ಸಿಬ್ಬಂದಿಯನ್ನು ದೀರ್ಘಕಾಲ ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದ್ರಾಕ್ಷಿ, ಸೇಬಿನಂತಹ ಇಡೀ ಹಣ್ಣುಗಳನ್ನು ತಿನ್ನುವವರಲ್ಲಿ ಎರಡನೆಯ ಬಗೆಯ ಮಧುಮೇಹ ಕಡಿಮೆ ಕಂಡುಬಂದಿತ್ತು. ಹಣ್ಣಿನ ರಸ ಕುಡಿಯುವವರಲ್ಲಿ ಹೆಚ್ಚು ಕಂಡುಬಂದಿತ್ತು. ಇಡೀ ಹಣ್ಣಿನಲ್ಲಿ ನಾರು ಇರುತ್ತದೆ, ಅಗಿಯಬೇಕಾಗುತ್ತದೆ, ಹೊಟ್ಟೆ ತುಂಬುತ್ತದೆ. ಒಂದು ಲೋಟ ದಾಳಿಂಬೆ ರಸಕ್ಕೆ ಎರಡು ಮೂರು ಹಣ್ಣಿನ ಸಕ್ಕರೆ ಒಮ್ಮೆಗೇ ಇಳಿಯುತ್ತದೆ.

ಈಗಿನ ದಿನಗಳಲ್ಲಿ ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ಸಿದ್ದು ಹಲಸಿಗೆ ತುಂಬ ಬೇಡಿಕೆ ಇದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿದ ಆ ತಳಿಯ ತಾಮ್ರಗೆಂಪು ತೊಳೆಯಲ್ಲಿ ಟೊಮೇಟೊದಲ್ಲಿರುವಂತಹ ಲೈಕೋಪಿನ್ ಎಂಬ ಕೆಂಪು ಬಣ್ಣದ ಅಂಶ ಇದೆ ಎಂಬುದು ನಿಜ. ಅದನ್ನು ಕೇಳಿ ಸಕ್ಕರೆ ಕಾಯಿಲೆಯವರು ಧಾರಾಳವಾಗಿ ತಿನ್ನಬಹುದು ಎಂದು ಕೆಲವರು ತೀರ್ಮಾನಿಸುತ್ತಾರೆ. ಅದು ಬಹಳ ಸಿಹಿಯಾದ ತಳಿ. ಬಣ್ಣ ಒಳ್ಳೆಯದೆಂದ ಮಾತ್ರಕ್ಕೆ ಸಕ್ಕರೆ ಕಡಿಮೆಯಾಗುವುದಿಲ್ಲ. ಆದರೆ ಹಣ್ಣು ಚಿಕ್ಕದಾದ್ದರಿಂದ ಒಂದೇ ದಿನ ಮುಗಿಸಬೇಕೆಂಬ ಒತ್ತಾಯ ಇರುವುದಿಲ್ಲ ಎಂಬ ಅನುಕೂಲವಂತೂ ಇದೆ.

ನೇರಳೆ ಹಣ್ಣು ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯ ಆಯ್ಕೆಯೇ. ಒಗರು, ನಾರು, ಕಡು ಬಣ್ಣದ ಅಂಶಗಳು ಅದರಲ್ಲಿವೆ, ಯಾರೂ ಕಿಲೋಗಟ್ಟಲೆ ತಿನ್ನಲಾರರು. ಬೀಜದ ಪುಡಿಯ ವಿಷಯ ಬೇರೆ. ನಮ್ಮ ಪರಂಪರೆಯಲ್ಲಿ ಅದರ ಬಳಕೆ ಇದೆ, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸಕ್ಕರೆ ಇಳಿದದ್ದೂ ವರದಿಯಾಗಿದೆ. ಮನುಷ್ಯರಲ್ಲಿ ಮಾತ್ರೆಯ ಜಾಗವನ್ನು ಅದು ತುಂಬಬಲ್ಲದು ಎನ್ನುವಷ್ಟು ಬಲವಾದ ಸಾಕ್ಷ್ಯ ಇಲ್ಲ. ಮಾತ್ರೆಯ ಜೊತೆಗೆ ಪುಡಿಯನ್ನೂ ಕೊಟ್ಟು ಸಕ್ಕರೆ ತೀರಾ ಇಳಿದರೆ ವಯಸ್ಸಾದವರಿಗೆ ತಲೆಸುತ್ತು, ಬೀಳುವ ಅಪಾಯ. ಅತ್ತೆಯವರಿಗೆ ನೋವಾಗದಂತೆ, ಪುಡಿ ಕೊಡುವ ಮೊದಲು ವೈದ್ಯರನ್ನು ಕೇಳೋಣ ಎಂದು ಹೇಳಿ. ಮಾತ್ರೆ ನಿಲ್ಲಿಸುವ ಮಾತಿಗೆ ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ.

ಅವರು ಕೊಲೆಸ್ಟರಾಲ್ ಮತ್ತು ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವುದರಿಂದ ಇನ್ನೆರಡು ಎಚ್ಚರಿಕೆಗಳು ಬೇಕು. ದೇವನಹಳ್ಳಿಯ ಚಕ್ಕೋತ ನಮ್ಮ ನೆರೆಯ ಹೆಮ್ಮೆಯ ಹಣ್ಣು. ಆದರೆ ಅದರ ಹತ್ತಿರದ ಸಂಬಂಧಿಯಾದ ಗ್ರೇಪ್‌ಫ್ರೂಟ್‌ನಲ್ಲಿರುವಂತಹ ಫ್ಯುರನೊಕೌಮರಿನ್ ಎಂಬ ಸಂಯುಕ್ತಗಳು ಚಕ್ಕೋತದಲ್ಲೂ ಇವೆ. ಇವು ಕರುಳಿನಲ್ಲಿ ಕೆಲವು ಔಷಧಗಳನ್ನು ಒಡೆಯುವ ಕಿಣ್ವವನ್ನು ತಡೆಯುವುದರಿಂದ ರಕ್ತದಲ್ಲಿ ಔಷಧದ ಪ್ರಮಾಣ ಏರುತ್ತದೆ. ಅಟೊರ್ವಸ್ಟಾಟಿನ್, ಸಿಮ್ವಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆಗಳು ಆ ಪಟ್ಟಿಯಲ್ಲಿವೆ. ಮಾತ್ರೆಯ ಹೆಸರನ್ನು ವೈದ್ಯರಿಗೆ ತೋರಿಸಿ ಕೇಳಿಕೊಳ್ಳಿ. ಎರಡನೆಯದು ಮೂತ್ರಪಿಂಡ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಅದು ಸೋತಿದ್ದರೆ ಹಲಸು, ಬಾಳೆ, ಎಳನೀರಿನ ಪೊಟ್ಯಾಸಿಯಂ ದೇಹದಲ್ಲಿ ಉಳಿದು ಹೃದಯದ ಬಡಿತಕ್ಕೆ ತೊಂದರೆ ಕೊಡಬಹುದು. ಕಮರಾಕ್ಷಿ ಹಣ್ಣಂತೂ ಅಂಥವರಿಗೆ ಪೂರ್ತಿ ವರ್ಜ್ಯ. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಇತ್ತೀಚೆಗೆ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ನಿಮ್ಮ ರಕ್ತಹೀನತೆಗೆ ಬರುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ರಾಗಿ ಮುದ್ದೆ, ಸೊಪ್ಪಿನ ಬಸ್ಸಾರು ತಿನ್ನುವ ಮನೆಗಳಲ್ಲೂ ಇದು ಏಕೆ ಎಂದರೆ, ರಾಗಿ ಮತ್ತು ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದು ಕಡಿಮೆ; ಅವುಗಳಲ್ಲೇ ಇರುವ ಫೈಟೇಟ್, ಟ್ಯಾನಿನ್ ಎಂಬ ಸಂಯುಕ್ತಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಹೀರುವಿಕೆ ಸ್ಪಷ್ಟವಾಗಿ ಹೆಚ್ಚುತ್ತದೆ. ಮುದ್ದೆಯ ಊಟದ ಜೊತೆಗೇ ಅರ್ಧ ಸೀಬೆ ಹಣ್ಣನ್ನೋ ಹಸಿ ನೆಲ್ಲಿಕಾಯಿಯ ಚಟ್ನಿಯನ್ನೋ ಇಟ್ಟುಕೊಳ್ಳಿ, ಸಾರಿಗೆ ನಿಂಬೆಹಣ್ಣನ್ನು ಕೊನೆಯಲ್ಲಿ ಹಿಂಡಿ. ಊಟವಾದ ಕೂಡಲೇ ಕಾಫಿ, ಚಹಾ ಕುಡಿಯುವ ಅಭ್ಯಾಸವಿದ್ದರೆ ಒಂದು ಗಂಟೆ ಮುಂದಕ್ಕೆ ಹಾಕಿ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ಇವೆಲ್ಲದರ ಜೊತೆಗೆ ನಡೆಯಲೇಬೇಕು.

ಕೊನೆಗೆ ಬಾದಾಮಿಯ ಪ್ರಶ್ನೆ. ಸ್ಪೇನ್ ದೇಶದಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾಗಿ, ವಿಧಾನದ ಲೋಪಗಳನ್ನು ಸರಿಪಡಿಸಿ 2018ರಲ್ಲಿ ಮರುಪ್ರಕಟವಾದ ಪ್ರಯೋಗದಲ್ಲಿ, ಅಲ್ಲಿನ ಸಾಂಪ್ರದಾಯಿಕ ಊಟದ ಜೊತೆ ದಿನಕ್ಕೆ 30 ಗ್ರಾಂ ಅಕ್ರೋಟು, ಬಾದಾಮಿ, ಹೇಜಲ್‌ನಟ್ ತಿಂದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾಗಿದ್ದವು. ನಾದಿನಿಯವರ ನಂಬಿಕೆಗೆ ಹೀಗೊಂದು ಆಧಾರ ಇದ್ದೇ ಇದೆ. ಆದರೆ 2015ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಡ ಕುಟುಂಬಗಳನ್ನೂ ಚೀನಾದ ಶಾಂಘೈ ನಗರದ ನಿವಾಸಿಗಳನ್ನೂ ಗಮನಿಸಿದ ಅಧ್ಯಯನವೊಂದು ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರು ತಿನ್ನುತ್ತಿದ್ದುದು ಅಗ್ಗದ ಕಡಲೆಕಾಯಿಯನ್ನೇ, ಅವರಲ್ಲೂ ಹೃದ್ರೋಗದ ಸಾವು ಕಡಿಮೆ ಇತ್ತು. ಇದು ಗಮನಿಸಿ ಕಂಡದ್ದೇ ಹೊರತು ಪ್ರಯೋಗದಿಂದ ಸಾಧಿಸಿದ್ದಲ್ಲ. ಆದರೂ ಕಡಲೆಕಾಯಿಯನ್ನು ಬಡವರ ಪದಾರ್ಥವೆಂದು ತಳ್ಳಿಹಾಕುವಂತಿಲ್ಲ.

ತೂಗಿ ನೋಡಿದರೆ, ಇ ಜೀವಸತ್ವ ಮತ್ತು ಸುಣ್ಣದ ಅಂಶದಲ್ಲಿ ಬಾದಾಮಿ ಖಂಡಿತ ಮುಂದಿದೆ. ಪ್ರೋಟೀನ್‌ನಲ್ಲಿ ಮತ್ತು ಫೋಲೇಟ್, ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವಗಳಲ್ಲಿ ಕಡಲೆಕಾಯಿ ಮುಂದಿದೆ. 100 ಗ್ರಾಂ ಬೀಜದಲ್ಲಿ ಪ್ರೋಟೀನ್ 24-25 ಗ್ರಾಂ ಇರುತ್ತದೆ. ಬಾದಾಮಿಯ ಸುಣ್ಣವನ್ನು ನಿಮ್ಮ ಮನೆಯ ರಾಗಿ ಸುಲಭವಾಗಿ ತುಂಬಿಕೊಡುತ್ತದೆ, 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಇದೆ. ಅಕ್ರೋಟಿನಲ್ಲಿರುವ ಒಮೆಗಾ-3 ಕೊಬ್ಬು ಕಡಲೆಕಾಯಿಯಲ್ಲಿ ಇಲ್ಲ. ಅದಕ್ಕೆ ಒಂದು ಚಮಚ ಹುರಿದು ಪುಡಿ ಮಾಡಿದ ಅಗಸೆ ಬೀಜ ಸಾಕು. ಹುಚ್ಚೆಳ್ಳಿನ ಚಟ್ನಿಪುಡಿ ರುಚಿಗೆ ಒಳ್ಳೆಯದೇ, ಒಮೆಗಾ-3 ಅದರಲ್ಲೂ ಸಿಗುವುದಿಲ್ಲ. ತಿಪಟೂರಿನ ಕೊಬ್ಬರಿಯನ್ನು ಇವುಗಳ ಸಾಲಿಗೆ ಸೇರಿಸಬೇಡಿ. ಅದರ ಕೊಬ್ಬಿನಲ್ಲಿ ಬಹುಪಾಲು ಗಟ್ಟಿ ಕೊಬ್ಬಾದ್ದರಿಂದ ಕೊಲೆಸ್ಟರಾಲ್ ಇರುವವರಿಗೆ ಪಲ್ಯದ ಮೇಲಿನ ತುರಿಯಷ್ಟೇ ಇರಲಿ.

ಉತ್ತರ: ಪಾವಗಡದ ನಿವೃತ್ತ ಮೇಷ್ಟ್ರು

ಮೇಲಿನ ವಿವರಗಳು ಬಹಳ ಉಪಯುಕ್ತವಾಗಿವೆ. ಕಡಲೆಕಾಯಿ ಬೆಳೆಯುವ ಸೀಮೆಯವನಾಗಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಕಡಲೆಕಾಯಿಯ ಗುಣವನ್ನು ಹೊಗಳುವವರು ಇದನ್ನು ಹೇಳುವುದೇ ಇಲ್ಲ.

ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ, ಅವಕ್ಕೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಇದು ಮೊದಲು ಪತ್ತೆಯಾಯಿತು. ಯಕೃತ್ತಿಗೆ ಹಾನಿ ಮಾಡಿ, ಕಾಲಾನಂತರ ಕ್ಯಾನ್ಸರ್‌ಗೂ ಕಾರಣವಾಗಬಲ್ಲ ವಿಷ ಇದು. ಶೇಖರಣೆಯಲ್ಲಿ ತೇವ ತಗುಲಿದರೆ ಮಾತ್ರ ಹೀಗಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ಭೂಮಿ ಕಾದರೆ ಹೊಲದಲ್ಲಿಯೇ ಶಿಲೀಂಧ್ರ ಒಳಸೇರುತ್ತದೆ. ಪಾವಗಡ, ಶಿರಾ, ಬಾಗೇಪಲ್ಲಿಗಳಂತಹ ಬರದ ಸೀಮೆಯಲ್ಲಿ ಕೊನೆಯ ಮಳೆ ಕೈಕೊಡುವುದು ಹೊಸದೇನಲ್ಲ. ಹುರಿದರೆ ವಿಷ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಇದಕ್ಕೆ ಹೆದರಿ ಕಡಲೆಕಾಯಿ ಬಿಡಬೇಕಾಗಿಲ್ಲ, ಆರಿಸಿ ತಿನ್ನಬೇಕು. ಸುಕ್ಕಾದದ್ದು, ಜೊಳ್ಳು, ಬಣ್ಣಗೆಟ್ಟದ್ದು, ಸಿಪ್ಪೆಯ ಕೆಳಗೆ ಹಸಿರು ಅಥವಾ ಕಪ್ಪು ಪುಡಿ ಕಂಡದ್ದು, ಕಹಿ ಎನಿಸಿದ್ದು, ಇವನ್ನು ಎಸೆಯಿರಿ. ದನಕ್ಕೂ ಹಾಕಬೇಡಿ, ಹಾಲಿಗೂ ಅದು ಇಳಿಯುತ್ತದೆ. ಪುಡಿ ಮಾಡಿಟ್ಟ ಬೀಜವನ್ನು ಕೊಳ್ಳುವುದಕ್ಕಿಂತ ಇಡೀ ಕಾಯಿಯನ್ನು ತಂದು ಮನೆಯಲ್ಲೇ ಸುಲಿಯುವುದು ಕ್ಷೇಮ, ಏಕೆಂದರೆ ಕೆಟ್ಟ ಬೀಜ ಕಣ್ಣಿಗೆ ಬೀಳುತ್ತದೆ. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಬೀಜ ಗಲಗಲ ಎನ್ನುವಷ್ಟು ಒಣಗಿರಬೇಕು. ಗಾಣದ ಎಣ್ಣೆ ತರುವವರು ಗಾಣಕ್ಕೆ ಹಾಕುವ ಬೀಜವನ್ನು ಒಮ್ಮೆ ಕಣ್ಣಾರೆ ನೋಡಿ ಬರುವುದು ಒಳ್ಳೆಯದು. ಕಾರ್ಖಾನೆಯ ಶುದ್ಧೀಕರಣದಲ್ಲಿ ಈ ವಿಷ ಬಹುಪಾಲು ಹೊರಹೋಗುತ್ತದೆ, ಗಾಣದಲ್ಲಿ ಆ ಹಂತವೇ ಇಲ್ಲ. ಹೀಗೆ ಹೇಳಿದರೆ ಗಾಣದ ಅಭಿಮಾನಿಗಳಿಗೆ ಕೋಪ ಬರುತ್ತದೆ, ಬರಲಿ.

ಅಕ್ಟೋಬರ್, ನವೆಂಬರ್‌ನಲ್ಲಿ ಹೊಲದಿಂದ ಕಿತ್ತ ಹಸಿ ಕಾಯಿಯನ್ನು ಅಂದೇ ಉಪ್ಪು ಹಾಕಿ ಬೇಯಿಸಿ ತಿನ್ನುವುದಕ್ಕೆ ಸಮನಾದದ್ದು ನನಗೆ ಯಾವುದೂ ಕಂಡಿಲ್ಲ. ರಕ್ತದೊತ್ತಡ ಇರುವ ನಿಮ್ಮ ಮಾವನವರಿಗೆ ಉಪ್ಪನ್ನು ಮಾತ್ರ ಕಡಿಮೆ ಮಾಡಿ.

ಹುಣಸೆಯೂ ಹಣ್ಣೇ ಆದ್ದರಿಂದ ಇದನ್ನೂ ಸೇರಿಸುತ್ತೇನೆ. ನಮ್ಮ ತಾಲ್ಲೂಕಿನ ಮತ್ತು ಕೋಲಾರ, ಚಿಕ್ಕಬಳ್ಳಾಪುರದ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ಶಾಲಾ ಬಾಲಕರಿಗೆ ದಿನಕ್ಕೆ 10 ಗ್ರಾಂ ಹುಣಸೆ ಕೊಟ್ಟಾಗ ಮೂತ್ರದಲ್ಲಿ ಫ್ಲೋರೈಡ್ ಹೊರಹೋಗುವುದು ಹೆಚ್ಚಿತೆಂದು 2002ರಲ್ಲಿ ಪ್ರಕಟಿಸಿದ್ದರು. ಅದು ಚಿಕ್ಕ ಅಧ್ಯಯನ. ಹುಣಸೆ ತಿಂದು ಕೊಳವೆಬಾವಿ ನೀರನ್ನೇ ಕುಡಿಯಿರಿ ಎಂದು ಇದರ ಅರ್ಥವಲ್ಲ, ಶುದ್ಧ ನೀರು ಬೇಕೇ ಬೇಕು. ಟೊಮೇಟೊ ಬಂದ ಮೇಲೆ ಸಾರಿನಿಂದ ಹುಣಸೆಯನ್ನು ಪೂರ್ತಿ ಬಿಟ್ಟ ಮನೆಗಳು ಮತ್ತೆ ಯೋಚಿಸಬಹುದು ಎಂದಷ್ಟೇ ನನ್ನ ಮಾತು.

ಪ್ರತಿಕ್ರಿಯೆ: ಕ್ಯಾತ್ಸಂದ್ರದ ಗೃಹಿಣಿ

ಎಲ್ಲರಿಗೂ ತುಂಬಾ ಧನ್ಯವಾದಗಳು. ಇವನ್ನು ನಾದಿನಿಗೂ ಅತ್ತೆಯವರಿಗೂ ಓದಿ ಹೇಳಿದೆ. ಚಕ್ಕೋತದ ವಿಷಯ ಇಬ್ಬರಿಗೂ ಹೊಸದಾಗಿತ್ತು. ಮಾವನವರ ಕ್ರಿಯಾಟಿನಿನ್ ಪರೀಕ್ಷೆಗೆ ಈ ವಾರವೇ ಹೋಗುತ್ತಿದ್ದೇವೆ. ಆಹಾರತಜ್ಞೆಯವರನ್ನು ಇನ್ನೆರಡು ವಿಷಯ ಕೇಳಬೇಕು. ಮೂರು ವರ್ಷದ ಮಗನಿಗೆ ಕಡಲೆಕಾಯಿ ಬೀಜವನ್ನು ಹೇಗೆ ಕೊಡಬೇಕು? ಮಗಳಿಗೆ ಸಂಜೆ ಶಾಲೆಯಿಂದ ಬಂದಾಗ ಚಿಕ್ಕಿ ಕೊಟ್ಟರೆ ಆಗುತ್ತದೆಯೇ?

ಉತ್ತರ: ಆಹಾರತಜ್ಞೆ, ಚಿಕ್ಕಬಳ್ಳಾಪುರ

ಐದು ವರ್ಷದೊಳಗಿನ ಮಗುವಿಗೆ ಯಾವ ಬೀಜವನ್ನೂ ಇಡಿಯಾಗಿ ಕೊಡಬೇಡಿ, ಅದು ಕಡಲೆಕಾಯಿಯಾಗಲಿ, ಬಾದಾಮಿಯಾಗಲಿ, ನೆನೆಸಿದ್ದಾಗಲಿ. ಓಡಾಡುತ್ತ, ನಗುತ್ತ ತಿನ್ನುವಾಗ ಬೀಜ ಶ್ವಾಸನಾಳಕ್ಕೆ ಜಾರಿ ಆಸ್ಪತ್ರೆಗೆ ಬರುವ ಮಕ್ಕಳಲ್ಲಿ ಹೆಚ್ಚಿನ ಸಂದರ್ಭಗಳಿಗೆ ಕಡಲೆಕಾಯಿ ಬೀಜವೇ ಕಾರಣವಾಗಿರುತ್ತದೆ. ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿ ರಾಗಿ ಅಂಬಲಿಗೋ ಅನ್ನಕ್ಕೋ ಬೆರೆಸಿ. ಮೊದಲ ಸಲ ಕೊಡುತ್ತಿದ್ದರೆ ಕಾಲು ಚಮಚದಷ್ಟು ಕೊಟ್ಟು ನೋಡಿ. ಮೈಮೇಲೆ ದದ್ದು, ತುಟಿಯ ಊತ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ದ್ರಾಕ್ಷಿಯನ್ನೂ ಅವನಿಗೆ ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಸೀತಾಫಲದ ಕಾಲ ಬಂದಾಗ ಬೀಜಗಳನ್ನು ನೀವೇ ಬಿಡಿಸಿ ತಿರುಳನ್ನಷ್ಟೇ ತಿನ್ನಿಸಿ. ಅದರ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಗಂಭೀರ ಹಾನಿ ಮಾಡುತ್ತದೆ, ಹೇನಿಗೆಂದು ಮನೆಯಲ್ಲಿ ಅರೆದಿಡುವ ಪದ್ಧತಿ ಇದ್ದರೆ ಮಕ್ಕಳ ಕೈಗೆ ಸಿಗದಂತೆ ಇಡಿ.

ಮಗಳಿಗೆ ಒಂದು ಸಣ್ಣ ತುಂಡು ಚಿಕ್ಕಿ ವಾರಕ್ಕೆ ಎರಡು ಸಲ ಕೊಡಬಹುದು. ಉಳಿದ ದಿನ ಬೇಯಿಸಿದ ಕಡಲೆಕಾಯಿಯನ್ನೋ ಹುರಿಗಡಲೆಯನ್ನೋ ಕೊಟ್ಟು, ಜೊತೆಗೆ ಒಂದು ಸೀಬೆ ಹಣ್ಣು ಕೊಡಿ. ಬೆಲ್ಲವೂ ಕೊನೆಗೆ ಸಕ್ಕರೆಯೇ. ಅದರಲ್ಲಿ ಕಬ್ಬಿಣ ಇದೆ ಎಂಬ ಕಾರಣಕ್ಕೆ ಚಿಕ್ಕಿಯನ್ನು ದಿನನಿತ್ಯದ ತಿಂಡಿ ಮಾಡುವುದು ಬೇಡ. ಕ್ರಿಯಾಟಿನಿನ್ ವರದಿ ಬಂದ ಮೇಲೆ ಅಂಕಿಯನ್ನು ಇಲ್ಲಿ ಹಾಕುವ ಬದಲು ನಿಮ್ಮ ವೈದ್ಯರಿಗೇ ತೋರಿಸಿ, ಹಲಸು ಎಷ್ಟು ತೊಳೆ ಎಂಬುದನ್ನು ಅವರಿಂದಲೇ ಕೇಳಿಕೊಳ್ಳಿ.